ದ್ರಾಕ್ಷಿ ಮಾತಾಡಂಗಿಲ್ಲ

ನಮ್ಮ ಬಳಗದಲ್ಲಿ ಯಾರೂ ಇದುವರೆಗೆ ಕೈಚೀಲ ಕೊಂಡವರಲ್ಲ. ನಮ್ಮ ಮನೆಯ ಜೋಳ ಗಿರಣಿಗೆ ಹೋಗುವುದು ‘ಗ್ಲಾಕೋಮಾ ಅಪ್‌ಡೇಟ್’ ಎಂದು ದಪ್ಪಕ್ಷರದಲ್ಲಿ ಬರೆದ ನೀಲಿ ಬ್ಯಾಗಿನಲ್ಲಿ. ಸಂತೆಯಿಂದ ಬದನೆಕಾಯಿ ಬರುವುದು ‘ಕ್ಯಾಟರಾಕ್ಟ್ ಕಾರ್ಯಾಗಾರ’ದ ಕಪ್ಪು ಬ್ಯಾಗಿನಲ್ಲಿ. ನನ್ನ ತಂಗಿ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಾಗ ಕೂಸಿನ ಕುಲಾಯಿ, ದುಪಟಿ, ಬಜೆಬೇರು ಎಲ್ಲ ತುಂಬಿ ಕಳಿಸಿದ್ದು ‘ಲೇಸರ್ ಮಾಡಿಸಿ, ಕನ್ನಡಕ ಬಿಡಿಸಿ’ ಎಂಬ ಬ್ಯಾಗಿನಲ್ಲಿ. ಕೂಸಿನ ಕಣ್ಣಿಗೇನೋ ಆಗಿದೆ ಎಂದು ಬೀಗರು ಗಾಬರಿಬಿದ್ದು ಫೋನು ಮಾಡಿದ್ದರು! ಈ ಎಲ್ಲ ಬ್ಯಾಗುಗಳ ಮೂಲಪುರುಷ ನಮ್ಮ ಕಾಕಾ. ತಲೆ ಪೂರ್ತಿ ಬೆಳ್ಳಗಾದರೂ ಸಾಲಿ, ಅಂದರೆ ಶಾಲೆ, ಬಿಡದ ಹುಡುಗ ಈ ಜಿಲ್ಲೆಯಲ್ಲಿ ಯಾರಾದರೂ ಇದ್ದರೆ ಅವರೊಬ್ಬರೇ ಎಂದು ನಾನು ಯಾವ ಗುಡಿಯ ಮುಂದೆ ಬೇಕಾದರೂ ಆಣೆ ಮಾಡುತ್ತೇನೆ.

ಕಾಕಾ ನಮ್ಮ ಅಪ್ಪನ ತಮ್ಮ, ಮುದ್ದೇಬಿಹಾಳದ ಕಣ್ಣಿನ ಡಾಕ್ಟರು. ತಂಗಡಗಿಯ ಹೊಳೆದಂಡೆಯಿಂದ ಹಿಡಿದು ಇಂಗಳೇಶ್ವರದ ಹೊಲಗಳವರೆಗೆ ಅರ್ಧ ಮಂದಿಯ ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ತೆಗೆದವರು ಅವರೇ. ಕಣ್ಣಿನ ಡಾಕ್ಟರಿಗೆ ಓದು ಮುಗಿಯುವುದೇ ಇಲ್ಲವಂತೆ. ಹೊಸ ಮಸೂರ ಬರುತ್ತದೆ, ಹೊಸ ಯಂತ್ರ ಬರುತ್ತದೆ, ಹಳೆಯ ಹತ್ಯಾರು ಮೂಲೆಗೆ ಬೀಳುತ್ತದೆ. ಅದಕ್ಕೇ ಭಾನುವಾರಕ್ಕೊಮ್ಮೆ ಎಲ್ಲಾದರೂ ಒಂದು ಹಾಲಿನಲ್ಲಿ ಡಾಕ್ಟರೆಲ್ಲ ಸೇರಿ, ಒಬ್ಬರು ಹೇಳಿದ್ದನ್ನು ಉಳಿದವರು ಕೇಳಬೇಕು. ಇದಕ್ಕೆ ಇಂಗ್ಲಿಷಿನಲ್ಲಿ ಸಿಎಂಇ ಎಂಬ ಭಾರಿ ಹೆಸರಿದೆ, ಹೋದವರಿಗೆಲ್ಲ ಒಂದೊಂದು ಬ್ಯಾಗೂ ಇದೆ. ಕಾಕು ಮಾತ್ರ, ಅಂದರೆ ಕಾಕಾನ ಹೆಂಡತಿ, ಬಾಗಿಲಿಗೆ ಬಂದ ಪೇಶಂಟುಗಳಿಗೆ ಒಂದೇ ಮಾತಿನಲ್ಲಿ ಹೇಳಿ ಕಳಿಸುತ್ತಿದ್ದರು: “ಡಾಕ್ಟರು ಇಲ್ಲರಿ. ಸಾಲಿಗೆ ಹೋಗ್ಯಾರ.”

ಒಮ್ಮೆ ಒಬ್ಬ ಅಜ್ಜ ಹೌಹಾರಿ ಕೇಳಿಯೇಬಿಟ್ಟ: “ಈಗ ಸಾಲಿಗೆ ಹೋಗ್ಯಾರ? ಅಂದ್ರ ಯವ್ವಾ, ಹೋದ ವರ್ಷ ನನ್ನ ಕಣ್ಣು ಸಾಲಿ ಕಲೀದನ ಕೊಯ್ದಾರೇನ?”

ಇರಲಿ, ಡಾಕ್ಟರು ಕಲಿಯಬೇಕು, ಒಪ್ಪೋಣ. ತಮಾಷೆ ಏನೆಂದರೆ, ನಮ್ಮ ಕಾಕಾ ಆಪರೇಷನ್ ಮಾಡುವುದನ್ನು ಬಿಟ್ಟೇ ಎಷ್ಟೋ ವರ್ಷವಾಯಿತು! ಅವರ ಎಡಗಣ್ಣು ಕಾಚಬಿಂದುವಿಗೆ ಹೋಯಿತು. ಗ್ಲಾಕೋಮಾ ಎನ್ನುವುದೂ ಇದಕ್ಕೇ. ಕಣ್ಣಿನೊಳಗಿನ ಒತ್ತಡ ಏರುತ್ತದೆ. ನೋವಿಲ್ಲ, ನೀರು ಸೋರುವುದಿಲ್ಲ, ಕೆಂಪಾಗುವುದಿಲ್ಲ, ನೋಟ ಮಾತ್ರ ಬದಿಯಿಂದ ಸದ್ದಿಲ್ಲದೆ ಸವೆಯುತ್ತ ಬರುತ್ತದೆ. ತಾಲೂಕಿನವರ ಕಣ್ಣಿನ ಒತ್ತಡವೆಲ್ಲ ಅಳೆದ ಮನುಷ್ಯ, ತಮ್ಮದೊಂದನ್ನು ಅಳೆಸಿಕೊಂಡಿರಲಿಲ್ಲ. ದೀಪದ ಬುಡಕ್ಕೆ ಕತ್ತಲು ಅನ್ನುವುದು ಸುಮ್ಮನೆ ಅಲ್ಲ. ಮೊದಲು ಕಂಡುಹಿಡಿದವರು ಕಾಕು. ಊಟದಲ್ಲಿ ತಾಟಿನ ಎಡಬದಿಗೆ ಬಡಿಸಿದ ಶೇಂಗಾ ಚಟ್ನಿ ದಿನಾ ಹಾಗೇ ಉಳಿಯುತ್ತಿತ್ತಂತೆ. “ನಾ ಚಟ್ನಿ ಕೆಟ್ಟೈತಿ ಅಂತ ತಿಳಕೊಂಡಿದ್ದೆ ನೋಡವಾ,” ಎಂದು ಕಾಕು ಈಗಲೂ ಹೇಳುತ್ತಾರೆ, “ಕೆಟ್ಟದ್ದು ಕಣ್ಣು.” ಆ ದಿನವೇ ಕಾಕಾ ಚಾಕು ಕೆಳಗಿಟ್ಟರು. ಒಂದೇ ಕಣ್ಣಿಗೆ ಆಳ ತಿಳಿಯುವುದಿಲ್ಲ, ಆಳ ತಿಳಿಯದವನು ಇನ್ನೊಬ್ಬರ ಕಣ್ಣಿನಲ್ಲಿ ಕೈ ಇಡಬಾರದು ಎಂದರು. ಯಾರು ಎಷ್ಟು ಹೇಳಿದರೂ ಮತ್ತೆ ಮುಟ್ಟಲಿಲ್ಲ.

ಚಾಕು ಬಿಟ್ಟರು, ಸಾಲಿ ಬಿಡಲಿಲ್ಲ! ಸಿಂದಗಿಯಲ್ಲಿ ಕಾಚಬಿಂದು ಇದ್ದರೆ ಸಿಂದಗಿಗೆ, ಇಂಡಿಯಲ್ಲಿ ಮೋತಿಬಿಂದು ಇದ್ದರೆ ಇಂಡಿಗೆ. ಆಪರೇಷನ್ ಮಾಡದ ಡಾಕ್ಟರಿಗೆ ಆಪರೇಷನ್ ಪಾಠ ಯಾಕೆ? ಊರಿನಲ್ಲಿ ಎರಡು ಪಕ್ಷಗಳಿದ್ದವು. ಊಟಕ್ಕೆ ಹೋಗುತ್ತಾರೆ ಎನ್ನುವುದು ಒಂದು ಪಕ್ಷ, ಬ್ಯಾಗಿಗೆ ಹೋಗುತ್ತಾರೆ ಎನ್ನುವುದು ಇನ್ನೊಂದು. ಮನೆ ತುಂಬ ಬ್ಯಾಗು ನೋಡಿದ್ದ ನಾನು ಎರಡನೆಯ ಪಕ್ಷದವಳು. ಅದರ ಮೇಲೆ, ಕರೆದುಕೊಂಡು ಹೋಗುವ ಕರ್ಮ ನನ್ನದೇ. ಕಾಲೇಜಿನಲ್ಲಿ ಕನ್ನಡ ಕಲಿಸುವ ನನಗೆ ವಾರಕ್ಕೊಂದು ಭಾನುವಾರ. ಅವತ್ತು ಬೆಳಗಾದರೆ ಅಂಗಳದಲ್ಲಿ ಗುಡುಗು: “ಏ ಹುಡುಗಿ, ಗಾಡಿ ತಗಿ!” ಈ ಹುಡುಗಿಗೆ ಐವತ್ತು ದಾಟಿದೆ ಎನ್ನುವುದು ಅವರ ಎರಡು ಕಣ್ಣು ಇದ್ದಾಗಲೂ ಕಂಡಿರಲಿಲ್ಲ.

ಕಲಿತದ್ದನ್ನು ಕಾಕಾ ಇಟ್ಟುಕೊಳ್ಳುವವರೂ ಅಲ್ಲ, ಕಂಡಕಂಡಲ್ಲಿ ಖರ್ಚು ಮಾಡುವವರು. ಬಳಗದ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಗುಲಾಬಿ ಹೂವಿನ ಶುಭೋದಯ ಕಳಿಸಿದರೆ ಇವರದು ಕೆಂಪಗೆ ಬಾತ ಕಣ್ಣಿನ ಚಿತ್ರ, ಕೆಳಗೆ ‘ಇದೇನು ಹೇಳಿ ನೋಡೋಣ’ ಎಂಬ ಪ್ರಶ್ನೆ. ಉಪ್ಪಿಟ್ಟು ಬಾಯಿಗಿಡುವ ಹೊತ್ತಿಗೆ! ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಬ್ಯಾಟರಿ. ಯಾರಾದರೂ ನಮಸ್ಕಾರ ಎಂದರೆ ಪ್ರತಿನಮಸ್ಕಾರದ ಬದಲು ಕಣ್ಣಿಗೆ ಬೆಳಕು.

ನನ್ನ ತಂಗಿಯ ನಾದಿನಿಯನ್ನು ನೋಡಲು ಬಸವನ ಬಾಗೇವಾಡಿಯಿಂದ ವರ ಬಂದಾಗ ಹೀಗೇ ಆಯಿತು. ಹುಡುಗ ಕೃಷಿ ಇಲಾಖೆಯಲ್ಲಿ ನೌಕರಿ, ನೋಡಲು ಲಕ್ಷಣವಾಗಿದ್ದ. ಹಿರಿಯರು ಗೋತ್ರ, ಹೊಲ, ಮಳೆ ಎಂದು ಶಿಸ್ತಾಗಿ ಮಾತಾಡುತ್ತಿದ್ದರೆ ಕಾಕಾ ಕುರ್ಚಿ ಎಳೆದುಕೊಂಡು ಹುಡುಗನ ಮುಖದ ಹತ್ತಿರ ಹೋದರು. ಮೂಗಿನ ಎರಡೂ ಬದಿ ದಿಟ್ಟಿಸಿದರು.

“ತಮ್ಮಾ, ಚಸ್ಮಾ ಇತ್ತಲ್ಲಾ ನಿನಗ? ಮೂಗಿನ ಮ್ಯಾಲೆ ಕಲೆ ಇನ್ನೂ ಹೋಗಿಲ್ಲ. ಲೇಸರ್ ಮಾಡಿಸಿಯೇನು?”

ಹುಡುಗನ ತಾಯಿಯ ಮುಖ ಬಿಳಿಚಿತು. ದಪ್ಪ ಕನ್ನಡಕದ ಸಂಗತಿಯನ್ನು ಅವರು ಹೇಳದೇ ಮುಚ್ಚಿಟ್ಟಿದ್ದರು! ನಮ್ಮ ಕಡೆಯ ಹಿರಿಯರು ಗಂಟಲು ಸರಿಮಾಡಿಕೊಂಡರು. ಇನ್ನೇನು ಮುರಿಯಿತು ಎನ್ನುವಷ್ಟರಲ್ಲಿ ಕಾಕಾ ಬ್ಯಾಟರಿ ಬಿಟ್ಟು ನೋಡಿ, ಹಿಗ್ಗಿ ಹೀರೇಕಾಯಿಯಾಗಿ ಕೂಗಿದರು: “ಆಹಾ! ಎಷ್ಟು ಛಂದ ಮಾಡ್ಯಾರೋ! ಯಾರು ಮಾಡಿದ್ರಪಾ? ಲೈಟಿನ ಸುತ್ತ ಬಳಿ ಬಳಿ ಕಾಣ್ತಾವೇನು?”

“ಕಾಣ್ತಾವ್ರಿ, ಸಂಜಿ ಆತಂದ್ರ,” ಎಂದ ಹುಡುಗ. ಪಾಪ, ಅವನಿಗೂ ಕೇಳುವವರು ಬೇಕಾಗಿತ್ತು. ಇಬ್ಬರೂ ಬಳೆಗಳ ಬಗ್ಗೆ, ಒಣಗುವ ಕಣ್ಣಿನ ಬಗ್ಗೆ ಮಾತಿಗಿಳಿದರು. ಹುಡುಗಿ ಶಿರಾ ತಂದಿಟ್ಟು, ನಿಂತು, ಕೂತು, ಒಳಗೆ ಹೋಗಿದ್ದೂ ಅವರಿಗೆ ಗೊತ್ತಾಗಲಿಲ್ಲ. ಮದುವೆ ಮಾತ್ರ ಗಟ್ಟಿಯಾಯಿತು. ಗಂಡ ತನ್ನನ್ನು ನೋಡದೇ ಒಪ್ಪಿದ ಎಂದು ಆ ಹುಡುಗಿಗೆ ಇಂದಿಗೂ ಕಾಕಾನ ಮೇಲೆ ಮುನಿಸು.

ಇನ್ನು ದ್ರಾಕ್ಷಿಯ ಕತೆ. ನಮ್ಮ ಕಡೆ ದ್ರಾಕ್ಷಿಗೇನು ಬರ? ಆದರೆ ಕಾಕಾನ ಮನೆಯಲ್ಲಿ ಇಡೀ ದ್ರಾಕ್ಷಿ ತಿಂದವರು ಯಾರೂ ಇಲ್ಲ. ಪ್ರತಿ ಹಣ್ಣಿನ ನೆತ್ತಿಯ ಮೇಲೂ ಒಂದು ದುಂಡು ಕಿಂಡಿ! ಮೋತಿಬಿಂದುವಿನ ಆಪರೇಷನ್ನಿನಲ್ಲಿ ಕಣ್ಣಿನ ಮಸೂರದ ಮೇಲಿರುವ ತೆಳು ಪದರನ್ನು ದುಂಡಗೆ ಹರಿಯಬೇಕಂತೆ. ಗೆರೆ ಸ್ವಲ್ಪ ಓರೆ ಹೋದರೂ ಅಂಚಿನವರೆಗೆ ಹರಿದು ಕೆಲಸ ಕೆಡುತ್ತದೆ. ಆ ಪದರಿನ ಅಭ್ಯಾಸಕ್ಕೆ ದ್ರಾಕ್ಷಿ ಸಿಪ್ಪೆಯಷ್ಟು ಒಳ್ಳೆಯ ಗುರು ಇಲ್ಲ ಎನ್ನುವುದು ಕಾಕಾನ ಸಿದ್ಧಾಂತ. ಕಾಕು ಆ ಕಿಂಡಿ ಬಿದ್ದ ಹಣ್ಣುಗಳನ್ನು ಮಾಳಿಗೆಯ ಮೇಲೆ ಒಣಗಿಸುತ್ತಿದ್ದರು. ನಮ್ಮ ಮನೆಯ ಪಾಯಸದ ಒಣದ್ರಾಕ್ಷಿಗೂ ಆಪರೇಷನ್ ಆಗಿರುತ್ತಿತ್ತು.

ಕಾಕಾನ ಕೈಕೆಳಗೆ ಕಲಿಯಲು ಬಂದವಳು ಶಾಹೀನ್. ಇಂಡಿಯ ನಿಂಬೆ ವ್ಯಾಪಾರಿಯ ಮಗಳು. ಕಣ್ಣಿನ ಓದು ಮುಗಿಸಿ, ಕೈ ಪಳಗಿಸಿಕೊಳ್ಳಲು ನಮ್ಮ ಊರಿಗೆ ಬಂದಿದ್ದಳು. ಬಂದ ಮೊದಲ ದಿನ ಗುರುವಿಗೆಂದು ಒಂದು ಚೀಲ ನಿಂಬೆಹಣ್ಣು ತಂದಿದ್ದಳು. ಕಾಕಾ ಒಂದನ್ನು ಹಿಚುಕಿ ನೋಡಿ, “ಛಲೋ ಅದಾವು, ಉಪ್ಪಿನಕಾಯಿಗೆ. ತೊಗಲು ದಪ್ಪ, ಕಣ್ಣಿಗೆ ಬರಂಗಿಲ್ಲ,” ಎಂದು ಕಾಕುವಿನ ಕೈಗೆ ಕೊಟ್ಟು, ಅವಳ ಮುಂದೆ ದ್ರಾಕ್ಷಿ ಗೊಂಚಲು ಇಟ್ಟರು.

ಆ ಹುಡುಗಿಯ ಕೈ ನಡುಗುತ್ತಿತ್ತು. ಬರೀ ದ್ರಾಕ್ಷಿಗೇ! ಅವಳು ಉಸಿರು ಬಿಗಿಹಿಡಿದು ಸಿಪ್ಪೆ ಹರಿಯುವಾಗ ಕಾಕಾ ಸುಮ್ಮನಿರಬೇಕಲ್ಲ? ನಿಮ್ಮ ಊರಿನಲ್ಲಿ ಮಳೆ ಹೇಗೆ, ನಿಮ್ಮ ಅಪ್ಪನ ಮೊಣಕಾಲು ಹೇಗಿದೆ, ಬಿರಿಯಾನಿಗೆ ಆಲೂಗಡ್ಡೆ ಹಾಕುತ್ತೀರೋ ಇಲ್ಲವೋ ಎಂದು ಎಡೆಬಿಡದ ಪುರಾಣ. ಒಂದು ದಿನ ಶಾಹೀನ್ ಚಿಮಟ ಕೆಳಗಿಟ್ಟಳು.

“ಸರ, ನೀವು ಮಾತಾಡಿದ್ರ ನನ್ನ ಕೈ ಹ್ಯಾಂಗ ನಿಲ್ಲಬೇಕ್ರಿ?”

“ಪೇಶಂಟ್ ಮಾತಾಡ್ತಾನವಾ,” ಎಂದರು ಕಾಕಾ. “ಕೆಮ್ಮತಾನ, ದೇವರನ್ನ ಕರೀತಾನ, ಹೆಂಡ್ತಿ ಎಲ್ಲಿ ಅಂತಾನ. ದ್ರಾಕ್ಷಿ ಅಷ್ಟ ಮಾತಾಡಂಗಿಲ್ಲ. ಅದಕ್ಕ ದ್ರಾಕ್ಷಿ ಪರವಾಗಿ ನಾ ಮಾತಾಡಾಕತ್ತೇನಿ.”

ಅವಳು ಸಿಟ್ಟಿನಲ್ಲಿ ಮತ್ತೆ ಚಿಮಟ ಎತ್ತಿಕೊಂಡಳು. ಸಿಟ್ಟಿನಲ್ಲಿ ಕೈ ನಡುಗುವುದನ್ನು ಮರೆತಿತು. ವರ್ಷ ಕಳೆಯುವಷ್ಟರಲ್ಲಿ ಕಾಕಾನ ಆಸ್ಪತ್ರೆಯ ಅರ್ಧ ಕೆಲಸ ಅವಳದಾಯಿತು, ಕಾಕಾ ಚಾಕು ಬಿಟ್ಟ ಮೇಲೆ ಇಡೀ ಆಸ್ಪತ್ರೆಯೇ ಅವಳ ಪಾಲಿಗೆ ಬಂತು.

ಈಗ ಕಾಕಾ ಸಾಲಿಯಲ್ಲಿ ಏನು ಮಾಡುತ್ತಿದ್ದರು ಎನ್ನುವುದನ್ನು ಹೇಳಬೇಕು. ಹೇಳಲು ನನಗೇ ನಾಚಿಕೆ. ಮೊದಲ ಸಾಲಿನ ನಡುವಿನ ಕುರ್ಚಿ ಅವರದು. ಪಕ್ಕದಲ್ಲಿ ನಾನು. ಪುಣೆ, ಹೈದರಾಬಾದಿನ ದೊಡ್ಡ ಡಾಕ್ಟರು ಮಾತಾಡುವಾಗ ಕಾಕಾ ತುಟಿ ಪಿಟಕ್ಕೆನ್ನುವುದಿಲ್ಲ, ಒಮ್ಮೊಮ್ಮೆ ಗೊರಕೆಯನ್ನೂ ಹೊಡೆಯುತ್ತಾರೆ. ದೊಡ್ಡವರದು ಮುಗಿದು ಊಟಕ್ಕೆ ಮೊದಲಿನ ಹೊತ್ತು ಬರುತ್ತದಲ್ಲ, ಹಿಂದಿನ ಅಡಿಗೆಮನೆಯಿಂದ ಎಣಗಾಯಿಯ ಘಮ, ಬಿಸಿ ರೊಟ್ಟಿ ಬಡಿಯುವ ಸಪ್ಪಳ ಬರತೊಡಗುತ್ತದಲ್ಲ, ಆಗ ಹೊಸಬರಿಗೆ ಮೈಕು ಕೊಡುತ್ತಾರೆ. ಹಾಲಿನಲ್ಲಿ ಅರ್ಧ ಕುರ್ಚಿ ಖಾಲಿ. ಆ ಹೊಸಬರು ಬೆವರೊರೆಸಿಕೊಳ್ಳುತ್ತ ಮುಗಿಸಿ, ‘ಪ್ರಶ್ನೆಗಳಿದ್ದರೆ ಕೇಳಬಹುದು’ ಎಂದರೋ ಇಲ್ಲವೋ, ಕಾಕಾನ ಕೈ ಮೇಲೆ!

ಕೇಳುವುದಾದರೂ ಎಂಥ ಪ್ರಶ್ನೆ! ಮೋತಿಬಿಂದು ತೆಗೆದ ಮೇಲೆ ಆ ಜಾಗದಲ್ಲಿ ಏನು ಇಡುತ್ತೀರಿ? ಲೇಸರ್ ಅಂದರೆ ಬಿಸಿಯೋ ತಣ್ಣಗೋ? ಮೊದಲ ವರ್ಷದ ಹುಡುಗರೂ ಕೇಳಲು ನಾಚುವಂಥವು. ನಾಲ್ಕು ತಾಲೂಕಿನ ಡಾಕ್ಟರರಲ್ಲಿ ಇದೊಂದು ಗಾದೆಯೇ ಆಗಿಹೋಗಿತ್ತು. ಯಾರಾದರೂ ದಡ್ಡ ಮಾತಾಡಿದರೆ, “ಏನೋ, ಮುದ್ದೇಬಿಹಾಳದ ಪ್ರಶ್ನಿ ಕೇಳಾಕತ್ತಿ?” ಎನ್ನುತ್ತಿದ್ದರು. ನಾನು ಮುದ್ದೇಬಿಹಾಳದವಳು, ನನಗೆ ಹೇಗಾಗಬೇಡ?

ಸಿಂದಗಿಯಲ್ಲಿ ಶಾಹೀನ್ ಮೊದಲ ಬಾರಿಗೆ ಮೈಕಿನ ಮುಂದೆ ನಿಂತ ದಿನವಂತೂ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ವಿಷಯ ಕಾಚಬಿಂದು. ಹುಡುಗಿ ಕಾಗದದಿಂದ ತಲೆ ಎತ್ತದೆ, ರೈಲು ತಪ್ಪೀತೆಂದು ಓಡುವವಳ ಹಾಗೆ ಓದಿ ಮುಗಿಸಿದಳು. ಅರ್ಧ ಮಂದಿ ಆಗಲೇ ಊಟಕ್ಕೆ ಎದ್ದಿದ್ದರು. ಕಾಕಾ ಎದ್ದರು.

“ಡಾಕ್ಟರ್, ನನ್ನದೊಂದು ಪ್ರಶ್ನಿ. ಕಾಚಬಿಂದು ನೋವಿಲ್ಲದ ಬರತೈತಿ ಅಂದ್ರಿ. ನೋವ ಇಲ್ಲಂದ್ರ, ಬಂದದ್ದು ಗೊತ್ತಾಗೂದು ಹ್ಯಾಂಗ?”

ಒಂದು ಕಣ್ಣನ್ನು ಅದೇ ಕಾಯಿಲೆಗೆ ಕೊಟ್ಟು ಕುಳಿತ ಡಾಕ್ಟರು ಕೇಳುವ ಮಾತೇ ಇದು? ಹಿಂದಿನ ಸಾಲಿನಲ್ಲಿ ಕಿಸಿಕಿಸಿ ನಗು ಎದ್ದಿತು. ಶಾಹೀನ್ ಕೆಂಪಾದಳು. “ಸರ, ಇದನ್ನ ನೀವ ನನಗ ಕಲಿಸೀರಿ!”

“ಕಲಿಸೇನಿ. ಮರ್ತೇನಿ. ಇನ್ನೊಮ್ಮೆ ಹೇಳು.”

ಅವಳು ಕಾಗದ ಮಡಚಿಟ್ಟಳು. ಅಡಿಗೆಮನೆಯ ಸಪ್ಪಳವನ್ನೂ ಮೀರಿಸಿ ಹೇಳಿದಳು. ಗೊತ್ತಾಗುವುದಿಲ್ಲ, ಅದಕ್ಕೇ ಹುಡುಕಿಕೊಂಡು ಹೋಗಿ ನೋಡಬೇಕು, ಅಪ್ಪನಿಗಿದ್ದರೆ ಮಕ್ಕಳದು, ಅಣ್ಣನಿಗಿದ್ದರೆ ತಮ್ಮನದು ಅಳೆಯಬೇಕು, ಡಾಕ್ಟರು ಮೊದಲು ತಮ್ಮದು ಅಳೆಸಿಕೊಳ್ಳಬೇಕು ಎಂದು ಕಾಕಾನ ಕಡೆಗೇ ಬೊಟ್ಟು ಮಾಡಿದಳು. ಊಟಕ್ಕೆ ಎದ್ದವರೂ ನಿಂತು ಕೇಳಿದರು. ವಾಪಸು ಬರುವಾಗ ಗಾಡಿಯಲ್ಲಿ ನಾನು ಕಾಕಾನನ್ನು ಚೆನ್ನಾಗಿ ಬೈದೆ. ಅವರು ಬ್ಯಾಗಿನ ಜಿಪ್ಪು ಎಳೆದು ನೋಡುತ್ತ, “ಈ ಸಲದ ಬ್ಯಾಗು ಗಟ್ಟಿ ಐತಿ, ಜ್ವಾಳ ತಡೀತೈತಿ,” ಎಂದರು.

ಹೀಗಿರುವಾಗ, ಉಳಿದ ಒಂದು ಕಣ್ಣಿಗೂ ಮಂಜು ಕವಿಯಿತು. ಇದು ಕಾಚಬಿಂದು ಅಲ್ಲ, ಅದಕ್ಕೆ ದಿನಾ ಔಷಧದ ಹನಿ ಬೀಳುತ್ತಿತ್ತು. ಇದು ಮೋತಿಬಿಂದು. ಕಾಕಾ ಒಪ್ಪಲಿಲ್ಲ. ಬೆಳಗಿನ ಹೊತ್ತು ಹಗ್ಗದ ಮೇಲೆ ಒಣಗಲು ಹಾಕಿದ ಅಂಗಿಗೆ “ನಮಸ್ಕಾರ್ರಿ, ಬರ್ರಿ, ಚಹಾ ಕುಡೀರಿ,” ಎಂದರು. ಚಹಾಕ್ಕೆ ಹಾಲಿನ ಬದಲು ಮಜ್ಜಿಗೆ ಸುರಿದರು. ನಾನು ಆಪರೇಷನ್ ಎಂದರೆ, “ಇನ್ನೂ ಹಣ್ಣಾಗಲಿ ತಡಿ,” ಎನ್ನುವುದು!

ಇದು ಯಾರು ಹೇಳುವ ಮಾತು? ಮೋತಿಬಿಂದು ಹಣ್ಣಾಗಲಿ ಎಂದು ಕೂತ ಹಳ್ಳಿಯ ಮುದುಕರನ್ನು ಜೀವಮಾನವೆಲ್ಲ ಬೈದವರು ಇವರು. ಕಾಕು ಸೊಂಟಕ್ಕೆ ಕೈ ಇಟ್ಟು ನಿಂತು, ಕಾಕಾನ ಬೈಗುಳವನ್ನು ಕಾಕಾನಿಗೇ ಬಡಿಸಿದರು: “ಮೋತಿಬಿಂದು ಏನು ಮಾವಿನಹಣ್ಣೇನ್ರಿ, ಹುಲ್ಲಾಗಿಟ್ಟು ಹಣ್ಣು ಮಾಡಾಕ? ಬಾಯಿ ಮುಚಗೊಂಡು ಬಂದು ಮಲಗ್ರಿ!”

ಕಾಕಾ ನಗಲಿಲ್ಲ. “ಒಂದ ಐತೆಲಾ,” ಎಂದರು, ಮೆಲ್ಲಗೆ. ಅಂಜಿದ್ದರು. ಎರಡು ಕಣ್ಣಿದ್ದವನಿಗೆ ಒಂದು ಕೆಟ್ಟರೆ ಇನ್ನೊಂದಿದೆ, ಒಂದೇ ಉಳಿದವನಿಗೆ ಅದು ಕೆಟ್ಟರೆ ಮುಗಿಯಿತು. ಆ ಲೆಕ್ಕ ನಮ್ಮೆಲ್ಲರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಕಾಕು ಒಳಗೆ ಹೋಗಿ ಕಣ್ಣೊರೆಸಿಕೊಂಡರು. ನಾನು ಮಜ್ಜಿಗೆ ಬಿದ್ದ ಚಹಾ ಚೆಲ್ಲಿ ಬೇರೆ ಚಹಾ ಮಾಡಿದೆ.

ಬಳಗದ ವಾಟ್ಸಾಪ್ ಗುಂಪು ಎದ್ದು ಕುಳಿತಿತು. ಪುಣೆಗೆ ಹೋಗಿ ಎಂದರು ಒಬ್ಬರು, ಹೈದರಾಬಾದೇ ಸರಿ ಎಂದರು ಇನ್ನೊಬ್ಬರು. ಕಾಕಾ ಎಲ್ಲ ಕೇಳಿಸಿಕೊಂಡು ಒಂದು ವಾರದ ಮೇಲೆ ಬಾಂಬು ಹಾಕಿದರು. ಮುಂದಿನ ಸಾಲಿ ಮುದ್ದೇಬಿಹಾಳದಲ್ಲೇ. ಅಲ್ಲಿ ಆಪರೇಷನ್ನನ್ನು ನೇರವಾಗಿ ಪರದೆಯ ಮೇಲೆ ತೋರಿಸುತ್ತಾರೆ. ಪೇಶಂಟು ಕಾಕಾ. ಆಪರೇಷನ್ ಮಾಡುವವಳು ಶಾಹೀನ್!

ಶಾಹೀನ್ ಓಡಿ ಬಂದಳು. ಅಷ್ಟು ಹೊತ್ತಿಗೆ ಅವಳು ಊರ ತುಂಬ ಹೆಸರಾದ ಡಾಕ್ಟರು. ಆದರೂ ಕಾಕಾನ ಮುಂದೆ ಮೊದಲ ದಿನ ನಿಂಬೆಹಣ್ಣು ಹಿಡಿದು ನಿಂತ ಹಾಗೇ ನಿಂತಳು.

“ಸರ, ಯಾರದರೆ ಮಾಡ್ತೇನಿ, ನಿಮ್ಮದು ನಾ ಒಲ್ಲೆ. ನಿಮಗ ಇರೂದು ಒಂದ ಕಣ್ಣು.”

“ಒಂದ ಐತಿ ಅಂತ ನಿನಗ ಕೊಡಾಕತ್ತೇನಿ,” ಎಂದರು ಕಾಕಾ. “ಎರಡು ಇದ್ದಿದ್ರ ಯಾರಿಗರೆ ಕೊಡತಿದ್ದೆ.”

“ಮಾಡೂದಾದ್ರ ಬಾಗಿಲ ಹಾಕ್ಕೊಂಡು ಸುಮ್ನ ಮಾಡ್ತೇನಿ. ಅಷ್ಟು ಮಂದಿ ಮುಂದ ಯಾಕ ಸರ?”

“ದೊಡ್ಡ ಊರಿನವರು ಬರ್ತಾರ. ಮುದ್ದೇಬಿಹಾಳದಾಗೂ ಕಣ್ಣು ಐತಿ, ಕೈ ಐತಿ ಅಂತ ನೋಡಲಿ.” ಸ್ವಲ್ಪ ತಡೆದು ಸೇರಿಸಿದರು, “ಮ್ಯಾಲೆ ಬ್ಯಾಗೂ ಬರತೈತಿ.”

ಆ ಭಾನುವಾರ ಆಸ್ಪತ್ರೆಯ ಪಕ್ಕದ ಕಲ್ಯಾಣ ಮಂಟಪ ತುಂಬಿತ್ತು. ಮೊದಲ ಸಾಲಿನ ನಡುವಿನ ಕುರ್ಚಿಯ ಮೇಲೆ ಯಾರೋ ಕಾಕಾನ ಬ್ಯಾಗು ಇಟ್ಟಿದ್ದರು. ಅದರ ಎರಡು ಬದಿಗೆ ನಾನು, ಕಾಕು. ದೀಪ ಆರಿಸಿದರು. ಪರದೆಯ ಮೇಲೆ ಕಾಕಾನ ಕಣ್ಣು ಬಂಡಿಯ ಗಾಲಿಯಷ್ಟು ದೊಡ್ಡದಾಗಿ ಮೂಡಿತು. ಕಾಕು ನನ್ನ ಕಿವಿಯಲ್ಲಿ ಉಸುರಿದರು, “ಇಷ್ಟು ದೊಡ್ಡ ಕಣ್ಣು ಇಟಗೊಂಡು ಮನ್ಯಾಗ ಎದುರಿಗಿಟ್ಟ ಚಹಾ ಕಾಣಂಗಿಲ್ಲ ಈ ಮನುಷ್ಯಾಗ!” ಹಾಸ್ಯ ಮಾಡಿದರು, ನಿಜ. ನನ್ನ ಮಣಿಕಟ್ಟನ್ನು ಹಿಡಿದ ಅವರ ಕೈ ಮಾತ್ರ ಮಂಜುಗಡ್ಡೆಯಾಗಿತ್ತು.

ಆಪರೇಷನ್ ಪಕ್ಕದ ಆಸ್ಪತ್ರೆಯಲ್ಲಿ, ಅಲ್ಲಿನ ಮಾತು ಇಲ್ಲಿಗೂ ಇಲ್ಲಿನದು ಅಲ್ಲಿಗೂ ಮೈಕಿನಲ್ಲಿ ಕೇಳುತ್ತಿತ್ತು. ಹನಿ ಹಾಕಿ ಕಣ್ಣಷ್ಟೇ ಜೋಮು ಮಾಡಿದ್ದರು. ಕಾಕಾ ಎಚ್ಚರವಾಗಿಯೇ ಇದ್ದರು, ಮುಖದ ಮೇಲೆ ಹಸಿರು ಬಟ್ಟೆ, ಅದರ ಕಿಂಡಿಯಲ್ಲಿ ಕಣ್ಣೊಂದೇ. ಹುಬ್ಬಳ್ಳಿಯಿಂದ ಬಂದ ಹಿರಿಯ ಡಾಕ್ಟರು ಮೈಕು ಹಿಡಿದು ಈಗ ಇದು, ಈಗ ಅದು ಎಂದು ವಿವರಿಸುತ್ತಿದ್ದರು. ಶಾಹೀನ್ ಸಣ್ಣದೊಂದು ಬಾಗಿಲು ಕೊಯ್ದಳು. ನಂತರ ಆ ದುಂಡು ಹರಿಯುವ ಘಟ್ಟ ಬಂತು. ತೆಳ್ಳಗಿನ ಹತ್ಯಾರಿನ ತುದಿ ಕಣ್ಣಿನ ಹತ್ತಿರ ಬಂತು. ಪರದೆಯ ಮೇಲೆ ಆ ತುದಿ ಸಣ್ಣಗೆ ಅದುರುತ್ತಿರುವುದು ನನಗೂ ಕಂಡಿತು, ಕನ್ನಡ ಕಲಿಸುವವಳಿಗೆ! ಅವಳು ಕೈ ಹಿಂ­ದೆಗೆದಳು. ಮತ್ತೆ ಬಂದಳು, ಮತ್ತೆ ಹಿಂದೆಗೆದಳು. ವಿವರಿಸುತ್ತಿದ್ದ ಹಿರಿಯರು ಮೈಕು ಕೆಳಗಿಳಿಸಿದರು. ಕಾಕು ಕಣ್ಣು ಮುಚ್ಚಿಕೊಂಡು ಬಸವಣ್ಣನನ್ನು ನೆನೆಯತೊಡಗಿದರು.

ಆಗ ಧ್ವನಿವರ್ಧಕದಲ್ಲಿ, ಹಸಿರು ಬಟ್ಟೆಯ ಕೆಳಗಿಂದ, ಎಲ್ಲರಿಗೂ ಪರಿಚಯವಿದ್ದ ಗಂಟಲು ಕೇಳಿತು.

“ಡಾಕ್ಟರ್, ನನ್ನದೊಂದು ಪ್ರಶ್ನಿ.”

ಸಭೆ ಬೆಚ್ಚಿಬಿತ್ತು. ಹುಬ್ಬಳ್ಳಿಯ ಹಿರಿಯರು ತೊದಲಿದರು, “ಸರ್, ಸರ್, ಪೇಶಂಟ್ ಪ್ರಶ್ನೆ ಕೇಳುವ ಹಾಗಿಲ್ಲ!”

“ನಾ ಡೆಲಿಗೇಟ್ ಇದ್ದೇನ್ರಿ. ಹೆಸರು ಹಚ್ಚೇನಿ, ಬ್ಯಾಗು ತೊಗೊಂಡೇನಿ. ಡಾಕ್ಟರ್, ಹೇಳ್ರಿ, ಬಿರಿಯಾನಿಗೆ ನೀವು ಆಲೂಗಡ್ಡಿ ಹಾಕ್ತೀರೋ ಇಲ್ಲೋ?”

ಇಡೀ ಮಂಟಪ ಬಿದ್ದು ಬಿದ್ದು ನಕ್ಕಿತು. ಆ ನಗುವಿನ ನಡುವೆ ಶಾಹೀನಳ ದನಿ ಬಂತು, ಎಷ್ಟೋ ವರ್ಷಗಳ ಹಿಂದಿನ ಅದೇ ಸಿಟ್ಟು. “ಸರ! ಬಾಯಿ ಮುಚ್ಚರಿ! ದ್ರಾಕ್ಷಿ ಮಾತಾಡಂಗಿಲ್ಲ!”

“ಹೌದವಾ, ಮಾತಾಡಂಗಿಲ್ಲ,” ಎಂದರು ಕಾಕಾ. ಆಮೇಲೆ ತುಟಿ ಎರಡು ಮಾಡಲಿಲ್ಲ.

ಹತ್ಯಾರಿನ ತುದಿ ಮತ್ತೆ ಬಂತು. ಈ ಸಲ ಅದುರಲಿಲ್ಲ. ಪದರು ಹರಿಯುತ್ತ ಸುತ್ತಿಕೊಂಡು ಬಂತು, ಹೊರಟ ಜಾಗಕ್ಕೇ ಬಂದು ಕೂಡಿತು. ನಮ್ಮ ಮನೆಯ ದ್ರಾಕ್ಷಿಯ ಕಿಂಡಿಗಿಂತ ದುಂಡಗೆ. ಯಂತ್ರ ಗುಂಯ್‌ಗುಟ್ಟಿತು, ಮಂಜಾದ ಮಸೂರ ಪುಡಿಪುಡಿಯಾಗಿ ಹೋಯಿತು, ಮಡಚಿ ಒಳಗಿಟ್ಟ ಹೊಸ ಮಸೂರ ತಾನೇ ಬಿಚ್ಚಿಕೊಂಡಿತು. ಪುಣೆಯಿಂದ ಬಂದವರೊಬ್ಬರು ಎದ್ದು ನಿಂತು ಚಪ್ಪಾಳೆ ಹೊಡೆದರು. ಕಾಕು ಕಣ್ಣು ತೆರೆದು, “ಮುಗೀತೇನ?” ಎಂದು ಕೇಳಿ, ಸೆರಗು ಬಾಯಿಗಿಟ್ಟುಕೊಂಡು ಅತ್ತರು.

ಮರುದಿನ ಬೆಳಗ್ಗೆ ಶಾಹೀನ್ ಕಣ್ಣಿನ ಮುಚ್ಚಳ ತೆಗೆದಳು. ಕಾಕಾ ಆಸ್ಪತ್ರೆಯ ಗೋಡೆಯನ್ನು ನೋಡಿದರು, ಬಹಳ ಹೊತ್ತು ನೋಡಿದರು. “ಇದು ನೀಲಿ ಐತೇನು? ನಾ ಹಸರು ಅಂತ ತಿಳಿದಿದ್ದೆ.”

“ಬಣ್ಣ ಹಚ್ಚಿದಾಗಿಂದ ನೀಲಿ ನೀಲಿ ಅಂತ ಬಡಕೊಳ್ಳಾಕತ್ತೇನಿ,” ಎಂದರು ಕಾಕು, “ಕಣ್ಣಿನ ಡಾಕ್ಟರು ನೀವೋ ನಾನೋ ಅಂತ ಜಗಳಕ್ಕ ಬಂದಿದ್ರಿ.” ಶಾಹೀನ್ ಹನಿಯ ಬಾಟಲಿ ಹುಡುಕುವವಳಂತೆ ಕಿಟಕಿಯ ಕಡೆ ತಿರುಗಿ ನಿಂತಿದ್ದಳು. ಬಾಟಲಿ ಅವಳ ಕೈಯಲ್ಲೇ ಇತ್ತು.

ಮನೆಗೆ ಕರೆದುಕೊಂಡು ಬರುವಾಗ ನನಗೆ ತಡೆಯಲಾಗಲಿಲ್ಲ. “ಅಂಥಾ ಹೊತ್ತಿನ್ಯಾಗ ಬಿರಿಯಾನಿ ನೆನಪಾತೇನ್ರಿ ಕಾಕಾ? ಕಣ್ಣು ಹೋಗಿದ್ರ?”

“ಹತ್ಯಾರು ಹೊರಗಿತ್ತವಾ, ನನಗ ಗೊತ್ತಿತ್ತು,” ಎಂದರು. ತಂಪು ಕನ್ನಡಕದೊಳಗಿಂದ ರಸ್ತೆ ನೋಡುತ್ತಿದ್ದರು. “ಆಕಿ ಅಂಗೈ ನನ್ನ ಹಣಿ ಮ್ಯಾಲಿತ್ತು. ನಡಗಾಕತ್ತಿತ್ತು. ಸಿಟ್ಟು ಬಂದ್ರ ಆಕಿ ಕೈ ನಿಲ್ಲತೈತಿ.”

ನಾನು ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಸಿಂದಗಿ ನೆನಪಾಯಿತು, ಕಾಗದ ಮಡಚಿಟ್ಟು ತಲೆ ಎತ್ತಿದ ಹುಡುಗಿ ನೆನಪಾದಳು. ಊಟದ ಹೊತ್ತಿನ ಖಾಲಿ ಕುರ್ಚಿಗಳ ಮುಂದೆ ಬೆವರಿದ ಎಷ್ಟೆಷ್ಟೋ ಹೊಸ ಮುಖಗಳು ನೆನಪಾದವು. “ಮತ್ತ ಆ ದಡ್ಡ ಪ್ರಶ್ನಿಗೋಳು, ಕಾಕಾ?”

ಅವರು ತಂಪು ಕನ್ನಡಕ ಸರಿಮಾಡಿಕೊಂಡರು. “ನಾ ಹೊಸಾ ಡಾಕ್ಟರ ಇದ್ದಾಗ ಒಂದು ದೊಡ್ಡ ಸಭಾದಾಗ ಮಾತಾಡಾಕ ನಿಂತಿದ್ದೆ. ತಿಂಗಳಗಟ್ಟಲೆ ತಯಾರಿ ಮಾಡಿದ್ದೆ. ಮುಗಿಸಿದೆ. ಒಬ್ಬರೂ ಒಂದು ಪ್ರಶ್ನಿ ಕೇಳಲಿಲ್ಲ. ತಪ್ಪು ಅಂತ ಬೈದಿದ್ರೂ ಸಂತೋಷ ಆಗತಿತ್ತು. ಎಲ್ಲಾರೂ ಊಟಕ್ಕ ಎದ್ದು ಹೋದ್ರು. ಮುಂದ ಭಾಳ ವರ್ಷ ಮೈಕ್ ಮುಟ್ಟಲಿಲ್ಲ ನಾನು.” ಆಮೇಲೆ ಗದರಿದರು, “ಏ ಹುಡುಗಿ, ಗಾಡಿ ಬಿಡು. ಕಣ್ಣಾಗ ಬಿಸಲು ಬರಾಕತ್ತೈತಿ.” ನಾವಿದ್ದದ್ದು ಪೂರ್ತಿ ನೆರಳಿನಲ್ಲಿ. ನಾನು ಗಾಡಿ ಬಿಟ್ಟೆ.

ಕಣ್ಣು ವಾಸಿಯಾದ ಮೇಲಿನ ಮೊದಲ ಸಾಲಿ ಇಂಡಿಯಲ್ಲಿ. ಕಾಕಾನಿಗೆ ಈಗ ದಾರಿ ನನಗಿಂತ ಚೆನ್ನಾಗಿ ಕಾಣುತ್ತಿತ್ತು, ಗುಂಡಿಯೊಂದನ್ನೂ ಬಿಡದೆ ಎಣಿಸಿ ನನ್ನ ತಲೆ ತಿಂದರು. ಹಾಲಿನಲ್ಲಿ ದೊಡ್ಡವರ ಮಾತು ಮುಗಿಯುವಷ್ಟರಲ್ಲಿ ಅವರಿಗೆ ಜೋರು ನಿದ್ದೆ. ಊಟಕ್ಕೆ ಮೊದಲಿನ ಹೊತ್ತು ಬಂತು, ರೊಟ್ಟಿಯ ಸಪ್ಪಳ ಬಂತು, ಕುರ್ಚಿಗಳು ಖಾಲಿಯಾದವು. ಬಸವನ ಬಾಗೇವಾಡಿ ಕಡೆಯ ಒಬ್ಬ ಹೊಸ ಡಾಕ್ಟರು, ಇನ್ನೂ ಮೀಸೆ ಗಟ್ಟಿಯಾಗದ ಮುಖ, ಕಾಚಬಿಂದುವಿನ ಬಗ್ಗೆ ಓದಿ ಮುಗಿಸಿದ. ಪ್ರಶ್ನೆಗಳಿದ್ದರೆ ಕೇಳಬಹುದು ಎಂದ. ಕೇಳುವವರು ಯಾರೂ ಇರಲಿಲ್ಲ. ಕಾಕಾನ ಭುಜ ತಟ್ಟಿದೆ, ಏಳಲಿಲ್ಲ. ಆ ಹುಡುಗ ಕಾಗದ ಜೋಡಿಸಿಕೊಳ್ಳತೊಡಗಿದ.

ನಾನು ಎದ್ದು ನಿಂತೆ.

“ಡಾಕ್ಟರ್, ನನ್ನದೊಂದು ಪ್ರಶ್ನೆ. ಕಾಚಬಿಂದು ನೋವಿಲ್ಲದೆ ಬರುತ್ತದೆ ಅಂದಿರಿ. ಬಂದದ್ದು ಗೊತ್ತಾಗುವುದು ಹೇಗೆ?”

ಹುಡುಗ ತಲೆ ಎತ್ತಿದ. ಅವನ ಮುಖದಲ್ಲಿ ಬೆಳಕು ಬಂದದ್ದನ್ನು ಕಾಣಲು ಕಣ್ಣಿನ ಡಾಕ್ಟರೇ ಆಗಬೇಕಿರಲಿಲ್ಲ. ಹೇಳಿದ, ಕೈ ಆಡಿಸಿ ಆಡಿಸಿ ಹೇಳಿದ, ನಿಲ್ಲಿಸಲೇ ಇಲ್ಲ. ನಾನು ಕುಳಿತುಕೊಳ್ಳುವಾಗ ನೋಡುತ್ತೇನೆ, ಕಾಕಾನ ಕಣ್ಣು ತೆರೆದಿದೆ. ಯಾವಾಗಿನಿಂದ ಎಚ್ಚರವಿದ್ದರೋ ಏನೋ!

“ಭಾಳ ದಡ್ಡ ಪ್ರಶ್ನಿ ಕೇಳಿದಿ,” ಎಂದರು ಮೆಲ್ಲಗೆ. ಊಟಕ್ಕೆ ಏಳುವವರೆಗೂ ನನ್ನ ಕೈ ಬಿಡಲಿಲ್ಲ.